ಅದೇ ಬಾವಿಯ ನೀರು

ನೀರನ್ನು ಸೋಸಿ ಬಳಸುವುದು ಶ್ರಾವಕನ ಮನೆಯ ಮೊದಲ ಗುರುತು. ಇಮ್ಮಡಿಸಿದ ದಟ್ಟ ಬಟ್ಟೆಯಲ್ಲಿ ಸೋಸಿದ ನೀರು ಒಂದು ಮುಹೂರ್ತ, ಅಂದರೆ ೪೮ ನಿಮಿಷಗಳ ಮಟ್ಟಿಗೆ ಬಳಕೆಗೆ ಯೋಗ್ಯ. ಆ ಬಳಿಕ ಮತ್ತೆ ಸೋಸಬೇಕು. ಇಷ್ಟನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಈ ಆಚಾರಕ್ಕೆ ಒಂದು ಉತ್ತರಾರ್ಧವಿದೆ. ನಲ್ಲಿ ಬಂದು ಬಾವಿ ಹೋದ ಮೇಲೆ ಅದು ಬಹುಮಟ್ಟಿಗೆ ಮರೆತುಹೋಗಿದೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಜೀವಾಣಿ ಎಂಬ ಹೆಸರಿನ ಆ ತೊಳೆದ ನೀರನ್ನು ಎಲ್ಲಿಂದ ಸೇದಿದ್ದೋ ಅಲ್ಲಿಗೇ ಮುಟ್ಟಿಸಬೇಕು. ಬಾವಿಯದನ್ನು ಕೆರೆಗೆ ಚೆಲ್ಲುವಂತಿಲ್ಲ, ಒಂದು ಬಾವಿಯದನ್ನು ಇನ್ನೊಂದು ಬಾವಿಗೆ ಸುರಿಯುವಂತಿಲ್ಲ. ಮೇಲಿನಿಂದ ಎಸೆಯುವಂತೆಯೂ ಇಲ್ಲ; ತಳದಲ್ಲಿ ಕೊಂಡಿಯಿರುವ ಪಾತ್ರೆಯನ್ನು ಹಗ್ಗದಲ್ಲಿ ಇಳಿಸಿ, ಅದು ನೀರನ್ನು ಮುಟ್ಟಿದ ಮೇಲೆಯೇ ಬೋರಲಾಗಿಸಬೇಕು.

ಅದೇ ಬಾವಿಗೆ ಏಕೆ, ನೀರೆಲ್ಲ ಒಂದೇ ಅಲ್ಲವೇ ಎಂಬ ಪ್ರಶ್ನೆ ಸಹಜ. ತಳಕಲ್ಲಿನ ಒಂದು ಜೈನ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತದ್ದು ಶಾಸ್ತ್ರಗ್ರಂಥದಿಂದಲ್ಲ, ಅರವತ್ತು ಲೀಟರಿನ ಒಂದು ಗಾಜಿನ ತೊಟ್ಟಿಯಿಂದ. ಆ ಉತ್ತರಕ್ಕೆ ತೆತ್ತ ಬೆಲೆ ನಾಲ್ಕು ಜೀವಗಳು.

ತಳಕಲ್ ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಗ್ರಾಮ. ಗದಗ–ಕೊಪ್ಪಳ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ. ಕುಕನೂರು, ಯಲಬುರ್ಗಾಗಳ ಮೇಲೆ ಹಾಯ್ದು ಕುಷ್ಟಗಿಯ ಕಡೆಗೆ ಹೋಗುವ ಹೊಸ ಮಾರ್ಗ ಕವಲೊಡೆಯುವುದೂ ಇಲ್ಲಿಂದಲೇ. ಈ ಮನೆಯ ಯಜಮಾನರು ರೈಲ್ವೆಯಿಂದ ನಿವೃತ್ತರಾದವರು. ಮೀಟರ್ ಗೇಜಿನ ಮೇಲೆ ಉಗಿಬಂಡಿಗಳು ಓಡುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿಯ ಶೆಡ್ಡಿನಲ್ಲಿ ಖಲಾಸಿಯಾಗಿ ಸೇರಿ, ಹಲವು ವರ್ಷ ಬಾಯ್ಲರ್ ತೊಳೆಯುವ ಕೆಲಸ ಮಾಡಿದವರು. ಗಡಸು ನೀರೆಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಂಜಿನ್ನು ತಣಿದ ಮೇಲೆ ಬಾಯ್ಲರಿನ ಬಿರಡೆಗಳನ್ನು ಬಿಚ್ಚಿ, ರಭಸದ ನೀರು ಹಾಯಿಸಿ, ಉದ್ದನೆಯ ಸರಳಿನಿಂದ ಕೆರೆದಾಗ ಉದುರಿಬೀಳುತ್ತಿದ್ದ ಬಿಳಿಯ ಚಕ್ಕೆಗಳನ್ನು ಅವರು ಬುಟ್ಟಿಗಟ್ಟಲೆ ಹೊತ್ತಿದ್ದರು. ಆ ಚಕ್ಕೆ ಕೊಳವೆಗೆ ಹತ್ತಿಕೊಂಡರೆ ಬೆಂಕಿಯ ಕಾವು ನೀರಿಗೆ ತಾಗದು. ಕಲ್ಲಿದ್ದಲು ವ್ಯರ್ಥ, ಮಿತಿಮೀರಿದರೆ ಕೊಳವೆ ಕಾದು ಸೀಳುವ ಭಯ. ಆದುದರಿಂದಲೇ ಎಂಜಿನ್ನಿಗೆ ಕುಡಿಸುವ ನೀರಿಗೆ ಸೋಡಾ ಬೆರೆಸಿ ಮೆದುಗೊಳಿಸುವ ಪದ್ಧತಿಯಿತ್ತು. ಕಬ್ಬಿಣಕ್ಕೆ ಬೇಕಾದ ನೀರು ಬೇರೆ, ಬೇಡವಾದ ನೀರು ಬೇರೆ ಎಂಬ ವಿವೇಕ ಅವರಿಗೆ ಇಪ್ಪತ್ತನೆಯ ವಯಸ್ಸಿಗೇ ಬಂದಿತ್ತು. ರಕ್ತಮಾಂಸದ ಜೀವಕ್ಕೂ ಇದೇ ಮಾತು ಅನ್ವಯಿಸುತ್ತದೆಂಬುದು ಹೊಳೆಯಲು ಎಪ್ಪತ್ತು ದಾಟಬೇಕಾಯಿತು.

ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಹಟ ಹಿಡಿದು ಹುಬ್ಬಳ್ಳಿಯ ಒಂದು ಅಂಗಡಿಯಿಂದ ಆರು ನಿಯಾನ್ ಟೆಟ್ರಾ ಮೀನುಗಳನ್ನು ತಂದಳು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ, ಮೈಮೇಲೆ ನೀಲಿಯ ಗೆರೆ, ಬಾಲದತ್ತ ಕೆಂಪು ಬಣ್ಣವುಳ್ಳ ಈ ಮೀನಿನ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡುಹೊಳೆಗಳು. ಮನೆಯಲ್ಲಿ ಮೀನು ಸಾಕುವ ವಿಚಾರ ಹಿರಿಯರಿಗೆ ಮೊದಲಿಗೇ ಹಿಡಿಸಲಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧನ. ಗಾಜಿನ ಗೋಡೆ ಕಣ್ಣಿಗೆ ಕಾಣದೆಂಬ ಕಾರಣಕ್ಕೆ ಅದು ಸೆರೆಯಲ್ಲವೆಂದು ಹೇಳಲಾಗದು. ಮದುವೆಯ ದಿಬ್ಬಣದಲ್ಲಿ ಕಟ್ಟಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥ ತಿರುಗಿಸಿದ ನೇಮಿನಾಥರ ಕಥೆಯನ್ನು ಹುಡುಗಿಗೆ ಹೇಳಿದ್ದವರೂ ಅವರೇ. ಆದರೆ ಮೀನು ಮನೆಗೆ ಬಂದಾಗಿತ್ತು. ಅತಿಚಾರಗಳಲ್ಲಿ ಕೊನೆಯದು ಅನ್ನಪಾನಗಳನ್ನು ತಡೆಯುವುದು. ಮೊದಲನೆಯದು ನಡೆದುಹೋಗಿರುವಾಗ ಕೊನೆಯದಾದರೂ ನಡೆಯದಂತೆ ನೋಡಿಕೊಳ್ಳಬೇಕೆಂದು ಅವರು ನಿಶ್ಚಯಿಸಿದರು.

ತೊಟ್ಟಿಗೆ ಮನೆಯ ಕೊಳವೆಬಾವಿಯ ನೀರನ್ನೇ ತುಂಬಿದರು. ಅದನ್ನೂ ಇಮ್ಮಡಿ ಬಟ್ಟೆಯಲ್ಲಿ ಸೋಸಿಯೇ ತುಂಬಿದರು. ಅಂಗಡಿಯವನು ಹೇಳಿಕೊಟ್ಟಂತೆ ಪ್ಲಾಸ್ಟಿಕ್ ಚೀಲವನ್ನು ಅರ್ಧ ಗಂಟೆ ನೀರಿನ ಮೇಲೆ ತೇಲಬಿಟ್ಟು, ಬಿಸುಪು ಸಮನಾದ ಮೇಲೆ ಮೀನುಗಳನ್ನು ಒಳಗೆ ಬಿಟ್ಟರು. ಮರುದಿನ ಮುಂಜಾನೆಗೆ ಎರಡು, ಮೂರನೆಯ ದಿನಕ್ಕೆ ಮತ್ತೆ ಎರಡು ಮೀನು ತೇಲಿದವು. ನೀರು ಸ್ಫಟಿಕದಂತಿತ್ತು. “ಅಜ್ಜಾ, ನೀರು ಇಷ್ಟು ಸ್ವಚ್ಛ ಐತಿ, ಮತ್ತ ಯಾಕ ಸಾಯಾಕತ್ತಾವು?” ಎಂದು ಹುಡುಗಿ ಕೇಳಿದ ಪ್ರಶ್ನೆಗೆ ಹಿರಿಯರಲ್ಲಿ ಉತ್ತರವಿರಲಿಲ್ಲ. ಅವರ ಧರ್ಮಪತ್ನಿ ಮಾತ್ರ ಅಡುಗೆಮನೆಯಿಂದಲೇ, “ಆ ನೀರಾಗ ಬ್ಯಾಳಿನ ಬೇಯೂದುಲ್ಲ, ಮೀನ ಹ್ಯಾಂಗ ಬದುಕ್ತಾವ?” ಎಂದರು. ಬೇಸರದಲ್ಲಿ ಆಡಿದ ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು.

ಮಳೆಯ ನೀರು ಬೀಳುವಾಗ ಅದರಲ್ಲಿ ಲವಣಗಳಿಲ್ಲವೆಂದೇ ಹೇಳಬಹುದು. ಅದು ಗಾಳಿಯಲ್ಲಿನ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಹಾಗೆ ಕೆಳಗಿಳಿಯುತ್ತ ಎರೆಮಣ್ಣಿನ ಸುಣ್ಣದ ಹರಳುಗಳನ್ನೂ ಬಂಡೆಯ ಖನಿಜಗಳನ್ನೂ ಕರಗಿಸಿಕೊಳ್ಳುತ್ತದೆ. ಹೀಗೆ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಮೊತ್ತವೇ ನೀರಿನ ಗಡಸುತನ. ನೀರು ಬಂಡೆಯ ಸಂಗದಲ್ಲಿ ಎಷ್ಟು ಹೆಚ್ಚು ಕಾಲ ಇರುತ್ತದೆಯೋ ಗಡಸುತನ ಸಾಮಾನ್ಯವಾಗಿ ಅಷ್ಟು ಹೆಚ್ಚು. ಕೊಪ್ಪಳದ ಸೀಮೆಯಲ್ಲಿ ವರ್ಷದ ಮಳೆ ಆರು ನೂರು ಮಿಲಿಮೀಟರಿನ ಆಸುಪಾಸು. ಕೊಳವೆಬಾವಿಗಳೋ ನೂರಾರು ಅಡಿ ಆಳ. ನಮ್ಮ ಹಿರಿಯರು ಕುಡಿದದ್ದು ಕೆರೆಯ ನೀರು, ಪುಷ್ಕರಣಿಯ ನೀರು. ಆಕಾಶದಿಂದ ಬಿದ್ದ ವರ್ಷದೊಳಗೆ ಕೊಡಕ್ಕೆ ಬರುತ್ತಿದ್ದ ನೀರು. ೧೧೧೨ರಲ್ಲಿ ಇಟಗಿಯಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇವಾಲಯದ ಮುಂದಿನ ಪುಷ್ಕರಣಿಯನ್ನಾಗಲಿ, ೧೦೦೭ರಲ್ಲಿ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿಯ ಮೆಟ್ಟಿಲುಬಾವಿಗಳನ್ನಾಗಲಿ ನೋಡಿದವರಿಗೆ, ಮಳೆನೀರಿನ ಬೆಲೆ ಆ ಕಾಲದವರಿಗೆ ಎಷ್ಟು ತಿಳಿದಿತ್ತೆಂಬುದು ಗೊತ್ತಾಗುತ್ತದೆ. ನಾವೀಗ ಆಳದ ಹಳೆಯ ನೀರನ್ನು ಯಂತ್ರದಿಂದ ಮೇಲೆತ್ತಿ, ಅದು ಗಡಸಾಗಿದೆಯೆಂದು ದೂರುತ್ತೇವೆ.

ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರಿನ ಆಸರೆಯೇ ಇಲ್ಲದಿದ್ದರೆ ೬೦೦ರವರೆಗೆ ಅನುಮತಿಯುಂಟು. ಮೀನು ಸಾಕುವವರು ಇದನ್ನೇ ಜರ್ಮನ್ ಡಿಗ್ರಿಯಲ್ಲಿ ಎಣಿಸುತ್ತಾರೆ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು ೧೮ ಮಿಲಿಗ್ರಾಂ.

ಹುಡುಗಿಯ ಶಾಲೆಯ ವಿಜ್ಞಾನದ ಪಾಠದಲ್ಲಿ ಸಾಬೂನಿನ ಪರೀಕ್ಷೆಯ ವಿಷಯ ಬಂದಿತ್ತು. ಅಜ್ಜ ಮೊಮ್ಮಗಳು ಪಡಸಾಲೆಯಲ್ಲಿ ಮೂರು ಸೀಸೆಗಳನ್ನಿಟ್ಟುಕೊಂಡು ಕುಳಿತರು. ಒಂದರಲ್ಲಿ ಕೊಳವೆಬಾವಿಯ ನೀರು, ಇನ್ನೊಂದರಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು, ಮೂರನೆಯದರಲ್ಲಿ ಮೀನು ಬಂದಿದ್ದ ಚೀಲದ ನೀರು. ಈ ಮೂರನೆಯದು ಉಳಿದದ್ದು ಕೇವಲ ದೈವಯೋಗ. ಸೋಸಿದ್ದ ನೀರನ್ನು ಚೆಲ್ಲಲು ಮನಸ್ಸಾಗದೆ ಹುಡುಗಿಯ ಅಜ್ಜಿ ಅದನ್ನೊಂದು ಬಾಟಲಿಯಲ್ಲಿ ಎತ್ತಿಟ್ಟಿದ್ದರು. ಪ್ರತಿಯೊಂದಕ್ಕೂ ಸಾಬೂನಿನ ದ್ರಾವಣದ ಹನಿಗಳನ್ನು ಬಿಟ್ಟು ಕುಲುಕಿದಾಗ, ಕ್ಯಾನಿನ ನೀರು ಕೆಲವೇ ಹನಿಗಳಿಗೆ ನೊರೆಗಟ್ಟಿತು. ಚೀಲದ ನೀರು ತುಸು ತಡೆದು ನೊರೆಗಟ್ಟಿತು. ಕೊಳವೆಬಾವಿಯ ನೀರಿನಲ್ಲಿ ಹಾಲು ಒಡೆದಂತೆ ಬಿಳಿಯ ಗಸಿ ಎದ್ದಿತೇ ಹೊರತು ನೊರೆ ಬರಲಿಲ್ಲ. ಬಳಿಕ ಗದಗಿನಿಂದ ಹನಿ ಎಣಿಸುವ ಪರೀಕ್ಷಾ ಸಾಮಗ್ರಿ ತರಿಸಿದರು. ಐದು ಮಿಲಿಲೀಟರ್ ನೀರಿಗೆ ಹನಿ ಹನಿಯಾಗಿ ದ್ರವ ಬಿಡುತ್ತ ಹೋದರೆ ಎಷ್ಟನೆಯ ಹನಿಗೆ ಬಣ್ಣ ಬದಲಾಗುತ್ತದೆಯೋ ಅಷ್ಟು ಡಿಗ್ರಿ. ಕ್ಯಾನಿನದು ೨, ಚೀಲದ್ದು ೬, ಮನೆಯ ನೀರಿನದು ೩೪.

ಹುಬ್ಬಳ್ಳಿಗೆ ಬರುವುದು ಮಲಪ್ರಭೆಯ ಜಲಾಶಯದ ನೀರು. ಆರು ಡಿಗ್ರಿಯ ಆ ನೀರಿನಲ್ಲಿ ಹಗುರವಾಗಿ ಈಜಿಕೊಂಡಿದ್ದ ಜೀವವನ್ನು ಅರ್ಧ ಗಂಟೆಯಲ್ಲಿ ಮೂವತ್ತನಾಲ್ಕಕ್ಕೆ ತಳ್ಳಲಾಗಿತ್ತು. ಚೀಲ ತೇಲಿಬಿಟ್ಟದ್ದರಿಂದ ಸಮನಾದದ್ದು ಬಿಸುಪು ಮಾತ್ರ. ಒಳಗಿನ ನೀರು, ಹೊರಗಿನ ನೀರು ಎರಡೂ ತಮ್ಮ ತಮ್ಮ ಗುಣದಲ್ಲಿಯೇ ಇದ್ದವು.

ಸಿಹಿನೀರಿನ ಮೀನಿನ ದೇಹಸ್ಥಿತಿಯನ್ನು ಇಲ್ಲಿ ತುಸು ವಿವರಿಸುವುದು ಅವಶ್ಯ. ಅದರ ಮೈಯೊಳಗಿನ ದ್ರವ ಸುತ್ತಲಿನ ನೀರಿಗಿಂತ ಉಪ್ಪಾದದ್ದು. ಆ ಕಾರಣ ಹೊರಗಿನ ನೀರು ಕಿವಿರುಗಳ ಮೂಲಕ, ಚರ್ಮದ ಮೂಲಕ ಸದಾ ಒಳನುಗ್ಗುತ್ತಿರುತ್ತದೆ. ಮೀನು ಆ ನೀರನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತ, ಕಳೆದುಹೋಗುವ ಲವಣಗಳನ್ನು ಕಿವಿರಿನ ವಿಶೇಷ ಕೋಶಗಳಿಂದ ಮರಳಿ ಹೀರಿಕೊಳ್ಳುತ್ತ ಇರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಈ ಸೋರಿಕೆಯನ್ನು ತಗ್ಗಿಸುತ್ತದೆ. ಅದು ಅತ್ಯಂತ ಕಡಿಮೆಯಿರುವ ಅಮೆಜಾನಿನ ನೀರಿಗೆ ಒಗ್ಗಿದ ಮೀನಿನ ವ್ಯವಸ್ಥೆಯೇ ಬೇರೆ, ಗಡಸು ನೀರಿಗೆ ಒಗ್ಗಿದ ಗಪ್ಪಿ, ಮಾಲಿ ಮೀನುಗಳ ವ್ಯವಸ್ಥೆಯೇ ಬೇರೆ. ನಿಧಾನವಾಗಿ ಬದಲಾದರೆ ಬಹುತೇಕ ಮೀನುಗಳು ಸಾಕಷ್ಟು ಹೊಂದಿಕೊಳ್ಳುತ್ತವೆ. ಥಟ್ಟನೆ ಬದಲಾದರೆ ಒಳಗಿನ ತಕ್ಕಡಿ ಮುರಿದುಬೀಳುತ್ತದೆ. ಸಾವಿಗೆ ಇದೊಂದೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳು ಇನ್ನೂ ಬೆಳೆದಿರುವುದಿಲ್ಲ. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದಾದುದರಿಂದ ಅದರಲ್ಲಿ ಅಮೋನಿಯಾದ ವಿಷ ಇನ್ನಷ್ಟು ತೀವ್ರವಾಗುತ್ತದೆ. ಎರಡೂ ಸೇರಿ ಕೆಡುಕಾಗಿರಬೇಕು.

ಲೆಕ್ಕವೆಲ್ಲ ಮುಗಿದ ರಾತ್ರಿ ಹಿರಿಯರಿಗೆ ನೆನಪಾದದ್ದು ತಮ್ಮ ತಾಯಿ. ಹಿಂದಿನ ಓಣಿಯ ಸೇದುಬಾವಿಯಿಂದ ನೀರು ತಂದು ಸೋಸಿದ ಮೇಲೆ, ಎಷ್ಟೇ ಹೊತ್ತಾಗಿದ್ದರೂ, ಆಕೆ ಜೀವಾಣಿಯ ಚೊಂಬು ಹಿಡಿದು ಮತ್ತೆ ಅದೇ ಬಾವಿಗೆ ನಡೆಯುತ್ತಿದ್ದಳು. ಮನೆಯ ಮಗ್ಗುಲಲ್ಲೇ ಇನ್ನೊಂದು ಬಾವಿಯಿತ್ತು, ಅದು ಸವಳು. “ಸವಳಿನಾಗ ಸಿಹಿನೀರಿನ ಜೀವ ಹಾಕಿದ್ರ ಕೊಂದಂಗ” ಎಂದು ಆಕೆ ಹೇಳುತ್ತಿದ್ದುದನ್ನು ಹುಡುಗನಾಗಿದ್ದ ಇವರು ಮುದುಕರ ಕಟ್ಟುಕಟ್ಟಳೆಯೆಂದು ತಿಳಿದಿದ್ದರು. ಅಕ್ಷರ ಬಾರದ ಆ ತಾಯಿಗೆ ತಿಳಿದಿದ್ದುದು ಶಾಸ್ತ್ರಕಾರರಿಗೂ ತಿಳಿದಿತ್ತು. ಆಚಾರಾಂಗದ ವ್ಯಾಖ್ಯಾನಕಾರರು ಜಲಕಾಯಿಕ ಜೀವಗಳಿಗೆ ಶಸ್ತ್ರವಾಗಬಲ್ಲ ವಸ್ತುಗಳನ್ನು ವಿಂಗಡಿಸುವಾಗ ಸ್ವಕಾಯ ಶಸ್ತ್ರವೆಂಬ ಒಂದು ಬಗೆಯನ್ನು ಹೇಳುತ್ತಾರೆ. ಒಂದು ನೆಲೆಯ ನೀರು ಇನ್ನೊಂದು ನೆಲೆಯ ನೀರಿಗೆ ಆಯುಧವಾಗುವುದು ಎಂದು ಅದರ ತಾತ್ಪರ್ಯ. ನೀರೇ ನೀರಿಗೆ ಆಯುಧ! ಬಾಯ್ಲರಿನ ಚಕ್ಕೆ ಕೆರೆದ ಕೈಗೆ ಈ ಮಾತು ಅಂದೇ ಅರ್ಥವಾಗಬೇಕಿತ್ತು.

ಜನ್ನ ಕವಿಯು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ದೊರೆ, ನಿಜವಾದ ಜೀವ ಒಂದೂ ಸಾಯದಿದ್ದರೂ, ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರ ತೊಳಲುತ್ತಾನೆ; ಅವುಗಳಲ್ಲಿ ಒಂದು ಜನ್ಮ ಮೀನಿನದು. ತಳಕಲ್ಲಿನ ಮನೆಯಲ್ಲಿ ನಡೆದದ್ದು ಇದರ ತಿರುವುಮುರುವು. ಇಲ್ಲಿ ಸಂಕಲ್ಪವೆಲ್ಲ ದಯೆಯದೇ, ಸತ್ತವು ಮಾತ್ರ ನಾಲ್ಕು. ಹಾಗೆಂದು ಮನಸ್ಸು ಹಗುರವಾಗಲಿಲ್ಲ. ಎಚ್ಚರಗೇಡಿತನಕ್ಕೆ, ಪ್ರಮಾದಕ್ಕೆ, ಹಿಂಸೆಯ ವಿವೇಚನೆಯಲ್ಲಿ ನಮ್ಮ ಆಚಾರ್ಯರು ಕೊಟ್ಟ ಸ್ಥಾನ ಮೊದಲನೆಯದು. ತಿಳಿಯದೆ ಆದದ್ದು ಎಂಬುದು ಒಂದು ಸಲ ಹೇಳಬಹುದಾದ ಮಾತು. ಎರಡು ಮೀನು ಇನ್ನೂ ಬದುಕಿದ್ದವು.

ನೆರೆಯವರೊಬ್ಬರು, “ಕೆರಿಗೆ ಬಿಟ್ಟುಬಿಡ್ರಿ ಕಾಕಾ, ಪುಣ್ಯ ಬರ್ತೈತಿ” ಎಂದರು. ಅಭಯದಾನವೆಂಬ ಹೆಸರಿನಲ್ಲಿ ನಮ್ಮವರು ಹೀಗೆ ಮಾಡುವುದುಂಟು. ಆದರೆ ಇದು ವಿಚಾರಮಾಡಿ ಮಾಡಬೇಕಾದ ಕೆಲಸ. ಟೆಟ್ರಾದಂತಹ ಮೀನು ಇಲ್ಲಿಯ ಕೆರೆಯಲ್ಲಿ ಬದುಕುವ ಭರವಸೆಯಿಲ್ಲ. ಬದುಕಬಲ್ಲ ಪರದೇಶದ ಮೀನುಗಳನ್ನು ಬಿಟ್ಟರೆ ಆಗುವ ಅನರ್ಥ ಇನ್ನೂ ದೊಡ್ಡದು. ತೊಟ್ಟಿಯ ಗಾಜಿಗೆ ಬಾಯಿ ಹಚ್ಚಿ ಪಾಚಿ ತಿನ್ನುವ ಅಮೆರಿಕದ ಕ್ಯಾಟ್‌ಫಿಶ್ ಹೀಗೆ ಬಿಟ್ಟವರ ಕೃಪೆಯಿಂದ ದೇಶದ ಹಲವು ಕೆರೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳಿಗೆ ಕುತ್ತಾಗಿದೆ. ಕಾರ್ಕಳದ ಬಳಿಯ ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವ ಯಾತ್ರಿಕರು ಅಲ್ಲಿಯ ಮೀನುಗಳಿಗೆ ಮಂಡಕ್ಕಿ ಹಾಕುವುದನ್ನು ಹಿರಿಯರು ನೋಡಿದ್ದರು. ಆ ಮೀನುಗಳು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನ ಮೆದು ನೀರಿನಲ್ಲಿ ಹುಟ್ಟಿದವು, ಅಲ್ಲಿಯೇ ಇರುವವು. ಅಲ್ಲಿ ದಯೆ ಸುಲಭ, ಒಂದು ಹಿಡಿ ಮಂಡಕ್ಕಿ ಸಾಕು.

ಹೀಗಾಗಿ ನೀರನ್ನೇ ತಿದ್ದಬೇಕಾಯಿತು. ಕುದಿಸಿ ಆರಿಸಿ ನೋಡಿದರು: ಕುದಿಸಿದಾಗ ಬೈಕಾರ್ಬೊನೇಟಿನಿಂದಾದ ತಾತ್ಕಾಲಿಕ ಗಡಸುತನ ಸುಣ್ಣವಾಗಿ ಪಾತ್ರೆಯ ತಳ ಹಿಡಿಯಿತು, ಸಲ್ಫೇಟ್ ಕ್ಲೋರೈಡುಗಳಿಂದಾದ ಶಾಶ್ವತ ಗಡಸುತನ ಹಾಗೆಯೇ ಉಳಿಯಿತು, ಉರುವಲಿಗೂ ಕೇಡು. ಶೆಡ್ಡಿನ ಸೋಡಾ ಎಂಜಿನ್ನಿಗೆ ಸರಿ, ಮೀನಿಗೆ ಸಲ್ಲದು. ಸ್ನಾನದ ನೀರಿಗೆಂದು ಮನೆಗಳಲ್ಲಿ ಹಾಕಿಸುವ ಮೆದುಕಾರಿ ಯಂತ್ರಗಳು ಕ್ಯಾಲ್ಸಿಯಂ ತೆಗೆದು ಅದರ ಸ್ಥಾನದಲ್ಲಿ ಸೋಡಿಯಂ ತುಂಬುತ್ತವೆ. ಸಾಬೂನಿಗೆ ನೊರೆ ಬರುತ್ತದೆ, ಕರಗಿದ ಲವಣದ ಮೊತ್ತ ಮಾತ್ರ ಇಳಿಯುವುದಿಲ್ಲ. ಉಳಿದ ದಾರಿಯೆಂದರೆ ಲವಣವಿಲ್ಲದ ನೀರನ್ನು ಬೆರೆಸುವುದು. ಅದನ್ನೂ ಒಮ್ಮೆಲೇ ಬೆರೆಸುವಂತಿಲ್ಲ, ಏರಿಸುವಾಗ ಆದ ತಪ್ಪೇ ಇಳಿಸುವಾಗಲೂ ಆದೀತು. ವಾರಕ್ಕೊಮ್ಮೆ ಅರವತ್ತು ಲೀಟರಿನಲ್ಲಿ ಹತ್ತನ್ನು ಮಾತ್ರ ತೆಗೆದು ಕ್ಯಾನಿನ ನೀರು ತುಂಬಿದರು. ಹುಡುಗಿ ಗೋಡೆಯ ಪಂಚಾಂಗದ ಮೇಲೆ ಪ್ರತಿ ಭಾನುವಾರ ಹನಿಗಳ ಸಂಖ್ಯೆ ಬರೆದಳು: ಮೂವತ್ತನಾಲ್ಕಿದ್ದುದು ಇಪ್ಪತ್ತೊಂಬತ್ತು, ಇಪ್ಪತ್ತನಾಲ್ಕು ಎಂದು ಇಳಿಯುತ್ತ ಏಳನೆಯ ವಾರಕ್ಕೆ ಹನ್ನೊಂದಕ್ಕೆ ಬಂತು.

ಅಲ್ಲಿಗೇ ನಿಲ್ಲಿಸಿದರು. ಪುಸ್ತಕದ ಲೆಕ್ಕದಲ್ಲಿ ಈ ಮೀನಿಗೆ ಇನ್ನೂ ಮೆದು ನೀರು ಇಷ್ಟವೆಂಬುದು ನಿಜ. ಅಮೆಜಾನಿನ ಹೊಳೆಗಳಲ್ಲಿ ಅದು ಒಂದೆರಡು ಡಿಗ್ರಿಯನ್ನೂ ಮೀರದು. ಆದರೆ ಬೈಕಾರ್ಬೊನೇಟು ತೀರ ಕಡಿಮೆಯಾದರೆ ನೀರಿಗೆ ಆಮ್ಲವನ್ನು ತಡೆಯುವ ಶಕ್ತಿಯೇ ಇಲ್ಲದಾಗಿ, ಒಂದು ರಾತ್ರಿಯಲ್ಲಿ ನೀರು ಹುಳಿಯಾಗಿ ಮೀನು ಸಾಯಬಹುದು. ಅತಿ ಶುದ್ಧವಾದ ನೀರೂ ಒಂದು ಅಪಾಯವೇ. ಅಂದಿನಿಂದ ಬದಲಿಸುವ ನೀರು ಹತ್ತು ಲೀಟರಿಗೆ ಮೂರು ಕೊಳವೆಬಾವಿಯದು, ಏಳು ಕ್ಯಾನಿನದು ಎಂದು ನಿಗದಿಯಾಯಿತು. ತೊಟ್ಟಿಯ ತಳಕ್ಕೆ ಹಾಕಿದ್ದ ಬಿಳಿಯ ಹರಳುಗಳ ಮೇಲೆ ಲಿಂಬೆಹುಳಿ ಹಿಂಡಿದಾಗ ಬುರುಬುರು ನೊರೆ ಬಂದುದರಿಂದ, ಅವು ಸುಣ್ಣದ ಕಲ್ಲೆಂದು ತಿಳಿದು, ತೆಗೆದು ಕರಿಯ ಗ್ರಾನೈಟಿನ ಚೂರುಗಳನ್ನು ಹಾಕಿದರು.

ಬೇಸಿಗೆ ಬಂದಾಗ ಇನ್ನೊಂದು ಪಾಠ ಕಾದಿತ್ತು. ಕೊಪ್ಪಳದ ಬಿಸಿಲಿಗೆ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರಿನಷ್ಟು ನೀರು ಆರಿಹೋಗುತ್ತಿತ್ತು. ಆರುವುದು ಬರಿಯ ನೀರು. ಲವಣ ಹಿಂದೆಯೇ ಉಳಿಯುತ್ತದೆ. ಹುಡುಗಿ ಊರಿಗೆ ಹೋದಾಗ ಮನೆಯವರು ಕೊಳವೆಬಾವಿಯ ನೀರನ್ನೇ ಮೇಲೆ ಮೇಲೆ ತುಂಬಿದ್ದರೆ, ಎರಡು ತಿಂಗಳಲ್ಲಿ ಅರವತ್ತು ಲೀಟರಿನ ಲವಣ ಹೊಸದಾಗಿ ಸೇರುತ್ತಿತ್ತು. ಅದರಲ್ಲೊಂದು ಪಾಲು ಗಾಜಿಗೆ ಬಿಳಿಯ ಪೊರೆಯಾಗಿ ಹತ್ತಿದರೂ ಉಳಿದದ್ದು ಮೀನಿನ ಪಾಲಿಗೇ. ಬಾಯ್ಲರಿನಲ್ಲಿ ಉಗಿ ಹೋಗಿ ಚಕ್ಕೆ ಉಳಿಯುವ ರೀತಿಯೇ ಇದು. ಆರಿದ ನೀರಿನ ಭರ್ತಿಗೆ ಯಾವಾಗಲೂ ಲವಣವಿಲ್ಲದ ನೀರು, ಬದಲಾವಣೆಗೆ ಬೆರಕೆಯ ನೀರು ಎಂಬ ಭೇದವನ್ನು ಹಿರಿಯರು ಒಂದು ರಟ್ಟಿನ ಮೇಲೆ ಬರೆದು ತೊಟ್ಟಿಯ ಮೇಲೆ ತೂಗುಹಾಕಿದರು.

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ವಾರಕ್ಕೆ ಹೆಚ್ಚುಕಡಿಮೆ ಒಂದು ಕ್ಯಾನು ನೀರು ಎರಡು ಮೀನುಗಳಿಗೆ ಹೋಗುತ್ತಿತ್ತು. ಈ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡಿನ ತೊಂದರೆ ಬಹಳ ಕಡೆ ಇರುವುದರಿಂದಲೇ ಜನ ಆ ಘಟಕದ ಮುಂದೆ ಸರದಿ ನಿಲ್ಲುತ್ತಾರೆ. ಅಲ್ಲದೆ ಅಂತಹ ಯಂತ್ರ ಒಂದು ಕೊಡ ಸಿಹಿನೀರು ಕೊಡುವಾಗ ಒಂದು ಕೊಡವನ್ನೋ ಅದಕ್ಕೂ ಹೆಚ್ಚನ್ನೋ ಸವಳಾಗಿ ಹೊರಚೆಲ್ಲುತ್ತದೆ. “ಮಂದಿಗೆ ನೀರಿಲ್ಲ, ಮೀನಿಗೆ ಕ್ಯಾನಿನ ನೀರ?” ಎಂದು ಸರದಿಯಲ್ಲಿದ್ದ ಹೆಣ್ಣುಮಗಳೊಬ್ಬಳು ಅಂದದ್ದು ಕಟುವಾಗಿತ್ತು, ಸುಳ್ಳಾಗಿರಲಿಲ್ಲ. ಹಿರಿಯರು ಮರುಮಾತಾಡದೆ ಮನೆಗೆ ಬಂದರು.

ಆ ವರ್ಷದ ಮುಂಗಾರಿಗೆ ಮುನ್ನ ಹಿತ್ತಿಲಲ್ಲಿ ಮೂರಡಿ ಅಗಲ ಆರಡಿ ಉದ್ದದ ತಗಡನ್ನು ಓ‌ರೆಯಾಗಿ ಕಟ್ಟಿ, ಕೆಳಗೆ ಇನ್ನೂರು ಲೀಟರಿನ ಡ್ರಮ್ಮು ಇಟ್ಟರು. ಸಿಮೆಂಟಿನ ಮಾಳಿಗೆಯ ನೀರು ಸುಣ್ಣವನ್ನು ಕರಗಿಸಿಕೊಂಡು ಬರುವುದರಿಂದ ಅದನ್ನು ಹಿಡಿಯಲಿಲ್ಲ. ಮೊದಲ ಮಳೆಯ ನೀರು ಧೂಳಿನದೆಂದು ಗಿಡಕ್ಕೆ ಹೋಯಿತು. ಡ್ರಮ್ಮಿನ ಬಾಯಿಗೆ ಇಮ್ಮಡಿ ಬಟ್ಟೆ ಬಿಗಿದರು. ಸೊಳ್ಳೆ ಮೊಟ್ಟೆಯಿಡದಂತೆ ತಡೆದರೆ ಮರಿಗಳನ್ನು ಕೊಲ್ಲುವ ಪ್ರಸಂಗವೇ ಬಾರದು. ಲೆಕ್ಕ ಸರಳ: ನೂರಿಪ್ಪತ್ತು ಮಿಲಿಮೀಟರ್ ಮಳೆಗೆ ಡ್ರಮ್ಮು ತುಂಬುತ್ತದೆ, ವಾರಕ್ಕೆ ಹದಿನಾಲ್ಕು ಲೀಟರಿನಂತೆ ಹದಿನಾಲ್ಕು ವಾರ ಬರುತ್ತದೆ. ಮರುವರ್ಷ ಇನ್ನೆರಡು ಡ್ರಮ್ಮು ಸೇರಿದವು. ಅವುಗಳಲ್ಲೊಂದರ ನೀರು ಬೇಳೆ ಬೇಯಿಸಲು ಅಡುಗೆಮನೆ ಸೇರಿತು. ಕ್ಯಾನು ನಿಂತಿತು.

ಆಹಾರದ ವಿಷಯ ಮಾತ್ರ ನೇರ್ಪಾಗಲಿಲ್ಲ, ಇಂದಿಗೂ ಆಗಿಲ್ಲ. ಅಂಗಡಿಯಲ್ಲಿ ಸಿಗುವ ಮೀನಿನ ಆಹಾರದ ಡಬ್ಬಿಗಳ ಮೇಲಿನ ಬರಹವನ್ನು ಓದಿದರೆ, ಪಾಚಿಯ ಹೆಸರು ಹೇಳಿ ಮಾರುವುದರಲ್ಲಿಯೂ ಬಹುತೇಕ ಒಣಮೀನಿನ ಪುಡಿ ಬೆರೆತಿರುತ್ತದೆ. ಟೆಟ್ರಾ ಸಹಜವಾಗಿ ಹುಳುಹುಪ್ಪಟೆ ತಿನ್ನುವ ಜೀವಿ. ಬರಿಯ ಸೊಪ್ಪಿನ ಮೇಲೆ ಅದನ್ನಿಡುವುದು ಅನ್ನಪಾನ ತಡೆದಂತೆಯೇ. ಧರ್ಮಪತ್ನಿಯವರು ಆ ಡಬ್ಬಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅದು ಪಡಸಾಲೆಯ ಗೂಡಿನಲ್ಲಿ, ತನ್ನದೇ ಒಂದು ಚಮಚದೊಡನೆ ಉಳಿಯಿತು. ಒಂದು ಜೀವವನ್ನು ಸೆರೆಯಲ್ಲಿಟ್ಟವನು ಅದರ ಹಿಂಸೆಯ ಲೆಕ್ಕವನ್ನೂ ತನ್ನ ಖಾತೆಗೆ ಬರೆದುಕೊಂಡಂತೆ ಎಂದು ಹಿರಿಯರು ಒಪ್ಪಿಕೊಂಡಿದ್ದಾರೆ. ಇನ್ನು ಹಣ ಕೊಟ್ಟು ಮೀನು ತರುವುದಿಲ್ಲವೆಂದು ಅವರು ಸಂಕಲ್ಪ ಮಾಡಿದ್ದು ಈ ಡಬ್ಬಿಯ ಬರಹ ಓದಿದ ದಿನವೇ.

ಎರಡರಲ್ಲಿ ಒಂದು ಮೀನು ವಯಸ್ಸಾಗಿ ಸತ್ತಿತು. ಟೆಟ್ರಾ ಗುಂಪಿನಲ್ಲಿ ಬಾಳುವ ಮೀನು. ಒಂಟಿಯಾದದ್ದು ಗಿಡದ ಮರೆಯಿಂದ ಹೊರಬರುವುದನ್ನೇ ಬಿಟ್ಟಿತು. ಜೊತೆ ತರೋಣವೆಂದು ಮೊಮ್ಮಗಳು, ಸಂಕಲ್ಪ ಮುರಿಯಲಾರೆನೆಂದು ಅಜ್ಜ. ಕೊನೆಗೆ ಹಿರಿಯರಿಗೆ ತಾಯಿಯ ಚೊಂಬು ನೆನಪಾಯಿತು: ಎಲ್ಲಿಂದ ಬಂದಿತ್ತೋ ಅಲ್ಲಿಗೇ ಮುಟ್ಟಿಸುವುದು. ೨೦೨೫ರಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ಓಡತೊಡಗಿದ ರೈಲಿನಲ್ಲಿ, ತೊಟ್ಟಿಯದೇ ನೀರು ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಅಂಗಡಿಗೆ ಹೋದರು. ಇದನ್ನು ನಿಮ್ಮ ಗುಂಪಿಗೆ ಬಿಟ್ಟುಕೊಳ್ಳಿ, ಆದರೆ ಮಾರಬೇಡಿ ಎಂದು ಕೇಳಿದರು. ಅಂಗಡಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾರೂದಿಲ್ಲ ಅಂತ ಹೇಳಿದ್ರ ಸುಳ್ಳಾಗ್ತೈತ್ರಿ ಅಜ್ಜಾರ. ನೂರಾರು ಮೀನದಾಗ ಇದನ್ನ ಹ್ಯಾಂಗ ಗುರ್ತು ಹಿಡೀಲಿ?” ಎಂದನು. ವ್ಯಾಪಾರಿಯ ಬಾಯಲ್ಲಿ ಅಂತಹ ನೇರ ಮಾತು ಅಪರೂಪ. ಹಿರಿಯರು ಅವನ ಸ್ಟೂಲಿನ ಮೇಲೆ ಬಹಳ ಹೊತ್ತು ಕುಳಿತರು.

ಆಗ ಅವನೇ ಎದ್ದು ಹಿಂದಿನ ಒಂದು ಸಣ್ಣ ತೊಟ್ಟಿಯನ್ನು ತೋರಿಸಿದನು. ಬೆನ್ನು ಬಾಗಿದ, ಬಣ್ಣ ಮಾಸಿದ, ಯಾರೂ ಕೊಳ್ಳದ ನಾಲ್ಕು ಟೆಟ್ರಾಗಳು ಅಲ್ಲಿದ್ದವು. ಅವಕ್ಕೆ ಬೆಲೆಯಿಲ್ಲ, ಬೇಕಾದರೆ ಒಯ್ಯಿರಿ ಎಂದನು. ಹುಡುಗಿ ಅಜ್ಜನ ಮುಖ ನೋಡಿದಳು. ಕೊಳ್ಳುವುದಿಲ್ಲವೆಂದಿತ್ತು ಸಂಕಲ್ಪ.

ಸಂಜೆ ಮನೆಯ ಬಾಗಿಲಲ್ಲಿ ಡಬ್ಬಿ ಮತ್ತು ಚೀಲ ಎರಡನ್ನೂ ಕಂಡು, “ಏನ್ರೀ, ಒಂದು ಬಿಡಾಕ ಹೋದವರು ಐದು ಹಿಡ್ಕೊಂಡು ಬಂದ್ರಿ?” ಎಂದು ಧರ್ಮಪತ್ನಿಯವರು ಕೇಳಿದರು. ಹಿರಿಯರು ಉತ್ತರಿಸುವ ಗೋಜಿಗೆ ಹೋಗದೆ ಚೀಲದ ನೀರಿನ ಹನಿ ಎಣಿಸಿದರು, ಆರು. ತೊಟ್ಟಿಯದು ಹನ್ನೊಂದು. ಹೊಸ ಮೀನುಗಳನ್ನು ಬೋಗುಣಿಗೆ ಬಿಟ್ಟು, ತೊಟ್ಟಿಯಿಂದ ಸಣ್ಣ ಕೊಳವೆಯೊಂದನ್ನು ಇಳಿಸಿ, ಅದಕ್ಕೊಂದು ಗಂಟು ಹಾಕಿ, ಸೆಕೆಂಡಿಗೊಂದು ಹನಿ ಬೀಳುವಂತೆ ಬಿಗಿ ಮಾಡಿದರು. ಸಾಮಾನ್ಯವಾಗಿ ಒಂದು ಗಂಟೆ ಸಾಕೆನ್ನುತ್ತಾರೆ. ಅಂದು ಆ ಹನಿ ಮೂರು ಗಂಟೆ ಬಿದ್ದಿತು, ಅಜ್ಜ ಮೊಮ್ಮಗಳು ಸರದಿಯ ಮೇಲೆ ಅದರ ಪಕ್ಕದಲ್ಲಿ ಕುಳಿತಿದ್ದರು.